ವಯಸ್ಸಾದವರಿಗೆ ಆಪರೇಷನ್ನಿನ ಮತ್ತು (ಅನಸ್ತೇಶಿಯಾ) ಇಳಿಯೋಕೆ ಯಾಕೆ ಅಷ್ಟು ದಿನ ಬೇಕು

ನನ್ನ ಕೆಲಸ ರಿಕವರಿ ರೂಮಿನಲ್ಲಿ. ಆಪರೇಷನ್ ಮುಗಿದ ಮೇಲೆ, ವಾರ್ಡಿಗೆ ಕಳಿಸುವ ಮುಂಚೆ, ಪೇಷಂಟನ್ನು ತಂದು ಮಲಗಿಸುವ ಕೋಣೆ ಅದು. ಊರು ಬಳ್ಳಾರಿ. ನಮ್ಮಲ್ಲಿಗೆ ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯವರಷ್ಟೇ ಅಲ್ಲ, ಗಡಿ ದಾಟಿ ಆಲೂರು, ಆದೋನಿ ಕಡೆಯಿಂದಲೂ ಜನ ಬರುತ್ತಾರೆ. ಯಾರೇ ಬರಲಿ, ಬಾಗಿಲ ಹೊರಗೆ ನಿಂತು ಕೇಳುವ ಪ್ರಶ್ನೆ ಒಂದೇ. "ಸಿಸ್ಟರ್, ಎಚ್ಚರ ಆಯ್ತಾ?" ಆಯ್ತು ಅಂದ ಕೂಡಲೇ ಅರ್ಧ ಜನ ನೆಮ್ಮದಿಯಾಗಿ ಕೆಳಗೆ ಚಹಾ ಕುಡಿಯಲು ಹೋಗಿಬಿಡುತ್ತಾರೆ.

ಮೂವತ್ತು ವರ್ಷದ ಮಗನ ವಿಷಯದಲ್ಲಿ ಅದು ಸರಿ. ಎಂಬತ್ತರ ಅಜ್ಜಿಯ ವಿಷಯದಲ್ಲಿ ಕಣ್ಣು ಬಿಡುವುದು ಬರೀ ಶುರು. ಅವರು ಮೊದಲಿನ ಹಾಗೆ ಆಗೋದು ಮುಂದಿನ ಮೂರು ನಾಲ್ಕು ದಿನದಲ್ಲಿ, ಕೆಲವರಿಗೆ ವಾರಗಟ್ಟಲೆ ಬೇಕು. ಅದೆಲ್ಲಾ ನಡೆಯುವುದು ವಾರ್ಡಿನಲ್ಲಿ, ಮನೆಯಲ್ಲಿ, ನಿಮ್ಮ ಕಣ್ಣೆದುರಿಗೆ. ನಮ್ಮ ಕೋಣೆಯಲ್ಲಿ ಅವರು ಇರೋದೇ ಒಂದೆರಡು ಗಂಟೆ. ಮುಂದಿನ ದಿನಗಳಲ್ಲಿ ಏನು ನೋಡಬೇಕು, ಏನು ಮಾಡಬೇಕು ಅಂತ ಮನೆಯವರನ್ನು ಕೂರಿಸಿಕೊಂಡು ಹೇಳುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮತ್ತು ಕೊಡುವುದು ಅಂದರೆ ಒಂದು ಇಂಜೆಕ್ಷನ್ ಅಂತ ಬಹಳ ಜನ ತಿಳಿದಿದ್ದಾರೆ. ಒಂದಲ್ಲ, ಹಲವು. ನಿದ್ದೆ ಬರಿಸಲು ಒಂದು, ಈಗ ಹೆಚ್ಚಾಗಿ ಹಾಲಿನ ಹಾಗೆ ಬೆಳ್ಳಗಿರುವ ಪ್ರೊಪೊಫಾಲ್. ನೋವಿಗೆ ಫೆಂಟನಿಲ್ ತರದ್ದು. ಮೈಯ ಸ್ನಾಯುಗಳೆಲ್ಲ ಸಡಿಲ ಆಗಲು ವೆಕ್ಯುರೋನಿಯಂ ಅಥವಾ ಅಟ್ರಾಕ್ಯುರಿಯಂ. ಆಮೇಲೆ ಆಪರೇಷನ್ ಮುಗಿಯುವ ತನಕ ಉಸಿರಿನ ಜೊತೆಗೆ ಸೆವೊಫ್ಲುರೇನ್ ಅಥವಾ ಐಸೊಫ್ಲುರೇನ್ ಗ್ಯಾಸ್. ಗ್ಯಾಸ್ ನಿಲ್ಲಿಸಿದರೆ ಅದು ಶ್ವಾಸದಿಂದ ಹೊರಗೆ ಹೋಗುತ್ತದೆ. ಮಿಕ್ಕವುಗಳಲ್ಲಿ ಹೆಚ್ಚಿನವನ್ನು ಲಿವರ್ರು, ಕಿಡ್ನಿ ಒಂದೊಂದಾಗಿ ತೆಗೆದುಹಾಕಬೇಕು.

ವಯಸ್ಸಾದ ಹಾಗೆ ಈ ಲೆಕ್ಕ ಎಲ್ಲಾ ಬದಲಾಗುತ್ತದೆ. ಮೊದಲನೆಯದು, ಮೆದುಳಿಗೇ ಕಡಿಮೆ ಔಷಧ ಸಾಕು. ಗ್ಯಾಸ್ ಎಷ್ಟು ಬೇಕು ಅನ್ನುವುದಕ್ಕೆ ಡಾಕ್ಟರುಗಳ ಹತ್ತಿರ ಮ್ಯಾಕ್ ಅಂತ ಒಂದು ಅಳತೆ ಇದೆ. ಚರ್ಮ ಕೊಯ್ದಾಗ ನೂರರಲ್ಲಿ ಐವತ್ತು ಜನ ಮಿಸುಕಾಡದೆ ಇರಲು ಬೇಕಾದ ಗ್ಯಾಸಿನ ಪ್ರಮಾಣ ಅದು. ಅದು ಎಳೆ ಕೂಸುಗಳಲ್ಲಿ ಅತಿ ಹೆಚ್ಚು. ನಲವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು 6 ಪರ್ಸೆಂಟ್ ಇಳಿಯುತ್ತಾ ಹೋಗುತ್ತದೆ. 40ರ ಮಗನಿಗೆ ಬೇಕಾದದ್ದಕ್ಕಿಂತ 80ರ ಅಪ್ಪನಿಗೆ ಐದನೇ ಒಂದು ಭಾಗದಷ್ಟು ಕಡಿಮೆ ಸಾಕು. ಪ್ರೊಪೊಫಾಲ್ ಇನ್ನೂ ಕಡಿಮೆ. ಗಟ್ಟಿಮುಟ್ಟಾದ ವಯಸ್ಕರಿಗೆ ತೂಕದ ಒಂದು ಕೇಜಿಗೆ 2ರಿಂದ 2.5 ಮಿಲಿಗ್ರಾಂ ಬೇಕಾದರೆ, ವಯಸ್ಸಾದವರಿಗೆ 1ರಿಂದ 1.5 ಸಾಕು. ಅದನ್ನೂ ನಿಧಾನಕ್ಕೆ ಕೊಡಬೇಕು, ಯಾಕಂದರೆ ವಯಸ್ಸಾದವರಲ್ಲಿ ರಕ್ತದ ಓಟ ನಿಧಾನ, ಕೈಯಲ್ಲಿ ಕೊಟ್ಟ ಔಷಧ ತಲೆಗೆ ತಲುಪಲು ಹೊತ್ತು ಹಿಡಿಯುತ್ತದೆ. ಇನ್ನೂ ನಿದ್ದೆ ಬಂದಿಲ್ಲ ಅಂತ ಅವಸರ ಮಾಡಿ ಜಾಸ್ತಿ ಕೊಟ್ಟರೆ ಬಿಪಿ ದಡಕ್ಕನೆ ಬಿದ್ದುಹೋಗುತ್ತದೆ.

ಎರಡನೆಯದು, ಔಷಧ ಹೊರಗೆ ಹೋಗುವ ದಾರಿ. ವಯಸ್ಸಾದ ಹಾಗೆ ಮೈಯಲ್ಲಿ ಮಾಂಸಖಂಡ, ನೀರಿನಂಶ ಕಡಿಮೆ ಆಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಕೊಬ್ಬಿನಲ್ಲಿ ಸೇರಿಕೊಳ್ಳುವ ಔಷಧಗಳು ಅಲ್ಲೇ ಕೂತು ಮೆಲ್ಲಗೆ ಹೊರಬರುತ್ತವೆ. ಲಿವರಿಗೆ ಹೋಗುವ ರಕ್ತ ಕಡಿಮೆ, ಕಿಡ್ನಿ ಸೋಸುವ ಶಕ್ತಿಯೂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿದಿರುತ್ತದೆ. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸರಿಯಾಗಿ ಸೋಸದಿದ್ದರೆ ಏರುವ ಕ್ರಿಯಾಟಿನಿನ್ ನಾರ್ಮಲ್ ಅಂತ ಬಂದರೂ ಒಣಕಲು ಅಜ್ಜಿಯ ವಿಷಯದಲ್ಲಿ ಅದನ್ನು ಪೂರ್ತಿ ನಂಬುವ ಹಾಗಿಲ್ಲ, ಮೈಯಲ್ಲಿ ಮಾಂಸಖಂಡವೇ ಕಡಿಮೆ ಇರುವವರಲ್ಲಿ ಅದು ಹೇಗೂ ಕಡಿಮೆಯೇ ಬರುತ್ತದೆ. ಭಯ ಹೋಗಲಿ ಅಂತ ಕೊಡುವ ಮಿಡಜೋಲಾಮ್ ಹುಡುಗರಿಗೆ ಒಂದೆರಡು ಗಂಟೆಯಲ್ಲಿ ಇಳಿದರೆ ವಯಸ್ಸಾದವರಲ್ಲಿ ಬಹಳ ಹೊತ್ತು ಎಳೆಯುತ್ತದೆ. ಅದಕ್ಕೇ ಅನುಭವಿ ಅನಸ್ತೇಶಿಯಾ ಡಾಕ್ಟರುಗಳು ಅಜ್ಜ ಅಜ್ಜಿಯರಿಗೆ ಅದನ್ನು ಆದಷ್ಟು ಕೊಡುವುದೇ ಇಲ್ಲ, ಕೈ ಹಿಡಿದು ಎರಡು ಮಾತಾಡಿ ಭಯ ಬಿಡಿಸುತ್ತಾರೆ.

ಇನ್ನೊಂದು ಚಳಿ. ಬಳ್ಳಾರಿಯ ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹೊರಗೆ 40 ಡಿಗ್ರಿ ದಾಟಿದ್ದರೂ ಒಳಗೆ ನಾವು ಅಜ್ಜಿಗೆ ಎರಡು ಕಂಬಳಿ ಹೊದಿಸಿರುತ್ತೇವೆ. ನೋಡಿದವರು "ಸೆಕಿಗೆ ಉಸಿರು ಕಟ್ಟಲ್ವೇನ್ರೀ?" ಅಂತ ಕೇಳುತ್ತಾರೆ. ಥಿಯೇಟರಿನ ಎಸಿಯಲ್ಲಿ, ಮತ್ತಿನಲ್ಲಿ, ವಯಸ್ಸಾದ ಮೈ ಬೇಗ ತಣ್ಣಗಾಗುತ್ತದೆ. ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಅವರಿಗೆ ಕಡಿಮೆ. ಮೈ ತಣ್ಣಗಿದ್ದರೆ ಔಷಧ ಕರಗುವುದೂ ನಿಧಾನ, ಎಚ್ಚರವೂ ನಿಧಾನ. ಕಂಬಳಿ ತೆಗೆಯಬೇಡಿ.

ರಿಕವರಿ ರೂಮಿನಲ್ಲಿ ನಾವು ನೋಡುವುದು ಐದು ವಿಷಯ. ಕೈಕಾಲು ಆಡಿಸುತ್ತಾರಾ, ಉಸಿರು ಸರಿ ಇದೆಯಾ, ಬಿಪಿ ಹೇಗಿದೆ, ಕರೆದರೆ ಓಗೊಡುತ್ತಾರಾ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ. ಒಂದೊಂದಕ್ಕೆ ಎರಡು ಮಾರ್ಕು. ಹತ್ತಕ್ಕೆ ಒಂಬತ್ತು ಬಂದರೆ ವಾರ್ಡಿಗೆ. 1970ರಲ್ಲಿ ಆಲ್ಡ್ರೆಟ್ ಅನ್ನುವ ಡಾಕ್ಟರ್ ಮಾಡಿದ ಲೆಕ್ಕ ಇದು, ಸ್ವಲ್ಪ ಬದಲಾಗಿ ಇವತ್ತಿಗೂ ನಡೆಯುತ್ತಿದೆ. ಇದರ ಜೊತೆಗೆ ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. "ಅಜ್ಜಾ, ದಿಂಬಿನಿಂದ ತಲೆ ಎತ್ತು, ನಾನು ಐದು ಎಣಿಸೋ ತನಕ ಹಂಗೇ ಹಿಡಿ." ಸ್ನಾಯು ಸಡಿಲಿಸಿದ ಔಷಧ ಪೂರ್ತಿ ಇಳಿದಿದೆಯಾ ಅಂತ ಇದರಿಂದ ಒಂದು ಅಂದಾಜು ಸಿಗುತ್ತದೆ. ಹುಡುಗರು ಸಲೀಸಾಗಿ ಎತ್ತುತ್ತಾರೆ. ಅಜ್ಜಂದಿರು ಎತ್ತುತ್ತಾರೆ, ಎರಡು ಎಣಿಸುವಷ್ಟರಲ್ಲಿ ಕತ್ತು ನಡುಗಿ ಕೆಳಗೆ ಬೀಳುತ್ತದೆ. ಆಗ ಇನ್ನೂ ಅರ್ಧ ಗಂಟೆ ಇಲ್ಲೇ ಇರಲಿ ಅಂತ ಡಾಕ್ಟರಿಗೆ ಹೇಳುತ್ತೇನೆ. ಹೊರಗೆ ಕಾಯುವವರಿಗೆ ಕೋಪ ಬರುತ್ತದೆ, ಬರಲಿ. ಗಂಟಲಿನ ಸ್ನಾಯುಗಳಿಗೆ ಇನ್ನೂ ಬಲ ಬಾರದ ಅಜ್ಜನಿಗೆ ಯಾರೋ ಪ್ರೀತಿಯಿಂದ ಒಂದು ಗುಟುಕು ಚಹಾ ಕುಡಿಸಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ. ವಯಸ್ಸಾದವರಲ್ಲಿ ಕೆಮ್ಮಿ ಹೊರಹಾಕುವ ಶಕ್ತಿ ಕಡಿಮೆ, ಹಾಗೆ ಒಳಗೆ ಹೋದದ್ದು ನ್ಯುಮೋನಿಯಾ ಆಗಿ ಕೂರಬಹುದು. ನಾವು ಕೊಡಿ ಅನ್ನುವ ತನಕ ಏನೂ ಕೊಡಬೇಡಿ. ಕೊಟ್ಟಾಗಲೂ ಎಬ್ಬಿಸಿ ಕೂರಿಸಿ, ಚಮಚದಲ್ಲಿ.

ಮಕ್ಕಳ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಯಾಕಂದರೆ ಹೊರಗೆ ತಾಯಂದಿರು ಹೆಚ್ಚು ಹೆದರುವುದು ಅಲ್ಲೇ. ಎರಡರಿಂದ ಐದು ವರ್ಷದ ಮಕ್ಕಳು ಸೆವೊಫ್ಲುರೇನ್ ಮತ್ತಿನಿಂದ ಏಳುವಾಗ ಕೆಲವೊಮ್ಮೆ ಕಿರುಚಿ, ಕಾಲು ಬಡಿದು, ಅವ್ವನನ್ನೇ ಗುರುತಿಸದೆ ತಳ್ಳುತ್ತವೆ. ಕಣ್ಣು ತೆರೆದಿರುತ್ತದೆ, ನೋಟ ಎಲ್ಲೋ ಇರುತ್ತದೆ. ನೋಡುವವರ ಎದೆ ಒಡೆದುಹೋಗುತ್ತದೆ. ಆದರೆ ಹೆಚ್ಚಿನ ಮಕ್ಕಳಿಗೆ ಹತ್ತು ಇಪ್ಪತ್ತು ನಿಮಿಷದಲ್ಲಿ ಅದು ತಾನಾಗೇ ಇಳಿಯುತ್ತದೆ, ಸಂಜೆಗೆ ಮಗುವಿಗೆ ಅದರ ನೆನಪೂ ಇರುವುದಿಲ್ಲ. ಮತ್ತು ಕೊಟ್ಟರೆ ಮಗುವಿನ ಬುದ್ಧಿ ಮಂದ ಆಗುತ್ತದಾ ಅಂತಲೂ ಕೇಳುತ್ತಾರೆ. ಏಳು ದೇಶಗಳಲ್ಲಿ ಹರ್ನಿಯಾ ಆಪರೇಷನ್ ಆದ 722 ಹಸುಗೂಸುಗಳನ್ನು ಐದು ವರ್ಷದ ತನಕ ನೋಡಿ 2019ರಲ್ಲಿ ವರದಿ ಕೊಟ್ಟರು. ಒಂದು ಗಂಟೆಯೊಳಗಿನ ಮತ್ತಿನಿಂದ ಬುದ್ಧಿಗೆ ಏನೂ ವ್ಯತ್ಯಾಸ ಕಂಡಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚಿನದು, ಅಥವಾ ಮತ್ತೆ ಮತ್ತೆ ಮಾಡಬೇಕಾದದ್ದು ಇದ್ದರೆ ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಬೇಕು. ತಿಂಗಳು ತುಂಬುವ ಮುಂಚೆ ಹುಟ್ಟಿದ ಎಳೆ ಕೂಸಾದರೆ ಆ ವಿಷಯ ಮೊದಲೇ ಹೇಳಿ. ಅಂಥವು ಆಪರೇಷನ್ ಆದ ರಾತ್ರಿ ಉಸಿರಾಡುವುದನ್ನೇ ನಿಲ್ಲಿಸಬಹುದು, ಮಾನಿಟರ್ ಹಾಕಿ ಕಾಯಬೇಕಾಗುತ್ತದೆ.

ಹರೆಯದವರ ತೊಂದರೆ ಬೇರೆ. ಅವರಿಗೆ ವಾಂತಿ ಜಾಸ್ತಿ, ಅದರಲ್ಲೂ ಹೆಣ್ಣುಮಕ್ಕಳಿಗೆ. ಅಜ್ಜಿಯರಿಗೆ ಅದು ಕಡಿಮೆ! ವಯಸ್ಸು ಐವತ್ತು ದಾಟಿದರೆ ವಾಂತಿಯ ಕಾಟ ಇಳಿಯುತ್ತದೆ. ವಯಸ್ಸಿನಿಂದ ಎಲ್ಲವೂ ಕೆಡುತ್ತದೆ ಅಂತೇನಿಲ್ಲ ಅಂತ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಸಿರುಗುಪ್ಪ ಕಡೆಯ ಒಬ್ಬ ಅಜ್ಜ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೇಲಿನ ಎಲುಬು ಮುರಿದಿತ್ತು. ಆಪರೇಷನ್ ಚೆನ್ನಾಗಿ ಆಯ್ತು. ನಮ್ಮ ಕೋಣೆಯಲ್ಲಿ ಹತ್ತಕ್ಕೆ ಹತ್ತು ಮಾರ್ಕು. ತನ್ನ ಹೆಸರು ಹೇಳಿದ, ಊರು ಹೇಳಿದ, ಮೊಮ್ಮಗಳ ಮದುವೆ ಯಾವಾಗ ಅಂತಲೂ ಹೇಳಿದ. ಎರಡನೇ ರಾತ್ರಿ ವಾರ್ಡಿನಲ್ಲಿ ನನಗೇ ಡ್ಯೂಟಿ ಇತ್ತು. ಮಗ ಓಡಿಬಂದ. "ಸಿಸ್ಟರ್, ನಮ್ಮಪ್ಪ ಯಾರನ್ನೂ ಗುರುತು ಹಿಡಿಯವಲ್ಲ. ಕಾಲುವಿಗೆ ನೀರು ಬಿಟ್ಟಾರ, ಮಡಿ ತಿರುವಬೇಕು ಅಂತ ಎದ್ದೆದ್ದು ಕುಂಡ್ರತಾನ." ಹೋಗಿ ನೋಡಿದರೆ ಅಜ್ಜ ಡ್ರಿಪ್ಪಿನ ಪೈಪನ್ನು ಪಂಪ್‌ಸೆಟ್ಟಿನ ಪೈಪು ಅಂದುಕೊಂಡು ಎಳೆಯುತ್ತಿದ್ದಾನೆ, ಹಾಸಿಗೆಯ ಚಾದರವನ್ನು ಬೆರಳಲ್ಲಿ ಕಿತ್ತುತ್ತಿದ್ದಾನೆ, ಮಗನನ್ನು ನೀರುಗಂಟಿ ಅಂತ ತಿಳಿದು ಬೈಯುತ್ತಿದ್ದಾನೆ. ಮಗಳು ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಗಾಳಿ ಸೋಕಿದೆ, ಬೆಳಿಗ್ಗೆ ಗುಡಿಯಿಂದ ದಾರ ತರಿಸಬೇಕು ಅಂತ ಯಾರೋ ಫೋನಿನಲ್ಲಿ ಹೇಳುತ್ತಿದ್ದರು.

ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಹುಚ್ಚಲ್ಲ, ಗಾಳಿಯಲ್ಲ, ವಯಸ್ಸಾಯ್ತು ಅಂತ ಬಿಟ್ಟುಬಿಡುವ ವಿಷಯವೂ ಅಲ್ಲ. ಕಿಡ್ನಿಗೆ, ಹೃದಯಕ್ಕೆ ಪೆಟ್ಟು ಬೀಳುವ ಹಾಗೆ ಮೆದುಳಿಗೂ ಆಪರೇಷನ್ನಿನ ಪೆಟ್ಟು ಬಿದ್ದಿರುತ್ತದೆ. ಹೆಚ್ಚಾಗಿ ಮೊದಲ ಮೂರು ದಿನದಲ್ಲಿ ಶುರುವಾಗುತ್ತದೆ. ಹಗಲು ಚೆನ್ನಾಗಿದ್ದು ರಾತ್ರಿ ಕೆಡುತ್ತದೆ, ಒಂದು ಗಂಟೆ ಸರಿ ಇದ್ದರೆ ಇನ್ನೊಂದು ಗಂಟೆ ಇಲ್ಲ. ದಾರ ಕಟ್ಟುವುದು ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ, ಕಟ್ಟಿ. ಆದರೆ ದಾರ ಬರುವ ತನಕ ಕಾಯಬೇಡಿ, ಅದೇ ಹೊತ್ತಿಗೆ ನಮಗೆ ಹೇಳಿ, ಯಾಕಂದರೆ ಇದರ ಹಿಂದೆ ಬಹಳ ಸಲ ಕೈಗೆ ಸಿಗುವ ಕಾರಣ ಒಂದು ಇರುತ್ತದೆ.

ಆ ಅಜ್ಜನಿಗೆ ಏನಾಗಿತ್ತು? ಸಂಜೆ ಮೂತ್ರದ ಪೈಪ್ ತೆಗೆದಿದ್ದರು, ಆಮೇಲೆ ಮೂತ್ರ ಹೋಗಿರಲಿಲ್ಲ. ಕಿಬ್ಬೊಟ್ಟೆ ಮುಟ್ಟಿದರೆ ಗಟ್ಟಿ. ಆಸ್ಪತ್ರೆಗೆ ಬಂದಾಗಿನಿಂದ ಸಂಡಾಸಕ್ಕೆ ಹೋಗಿರಲಿಲ್ಲ. ನೋವು ಇತ್ತು, ಕೇಳಿದರೆ "ಏನಿಲ್ಲವ್ವಾ" ಅನ್ನುತ್ತಿದ್ದ, ನಮ್ಮ ಕಡೆಯ ಹಿರಿಯರು ಬಾಯಿಬಿಟ್ಟು ನೋವು ಅನ್ನುವುದು ಕಡಿಮೆ, ಕಾಲು ಸರಿಸಿದಾಗ ಮುಖ ನೋಡಿದರೆ ಗೊತ್ತಾಗುತ್ತದೆ. ಕನ್ನಡಕ ಆಪರೇಷನ್ನಿನ ದಿನ ತೆಗೆದದ್ದು ಮಗಳ ಬ್ಯಾಗಿನಲ್ಲೇ ಇತ್ತು. ಕಿವಿ ಮೆಷಿನ್ ಊರಲ್ಲೇ ಉಳಿದಿತ್ತು. ಅಂದರೆ ಎರಡು ದಿನದಿಂದ ಆತನಿಗೆ ಸರಿಯಾಗಿ ಕಾಣಿಸುತ್ತಿಲ್ಲ, ಕೇಳಿಸುತ್ತಿಲ್ಲ, ಗುರುತಿಲ್ಲದ ಕೋಣೆ, ರಾತ್ರಿಯಿಡೀ ಲೈಟು, ಬೀಪ್ ಬೀಪ್ ಸದ್ದು, ಹೊಟ್ಟೆ ಬಿಗಿದಿದೆ, ಕಾಲು ಉರಿಯುತ್ತಿದೆ. ಹರೆಯದ ಮೆದುಳು ಇಷ್ಟನ್ನೂ ತಡೆದುಕೊಳ್ಳುತ್ತದೆ. ಎಂಬತ್ತರ ಮೆದುಳಿಗೆ ಅಷ್ಟು ಕಸುವು ಉಳಿದಿರುವುದಿಲ್ಲ.

ಡಾಕ್ಟರ್ ಬಂದರು. ಮೂತ್ರ ತೆಗೆದೆವು, ನೋವಿಗೆ ಕೊಟ್ಟೆವು, ರಕ್ತದಲ್ಲಿ ಸೋಡಿಯಂ ನೋಡಲು ಕಳಿಸಿದೆವು. ಕನ್ನಡಕ ಹಾಕಿಸಿದೆವು. ಮಗನಿಗೆ ಹೇಳಿದೆ, ಅಪ್ಪನ ಮಾತಿಗೆ ಎದುರು ವಾದ ಮಾಡಬೇಡ, ಕೈ ಹಿಡಿದು ಕೂತುಕೋ, ನೀರಿನ ಪಾಳಿ ನಾನು ನೋಡಿಕೊಂಡಿದ್ದೇನೆ ಅನ್ನು, ಇದು ಬಳ್ಳಾರಿ ಆಸ್ಪತ್ರೆ, ಕಾಲಿಗೆ ಆಪರೇಷನ್ ಆಗಿದೆ ಅಂತ ಮೆಲ್ಲಗೆ ಆಗಾಗ ಹೇಳು. ಅವನು ಬೆಳಗಿನ ತನಕ ಅದೇ ಕೆಲಸ ಮಾಡಿದ. ಮೂರನೇ ದಿನ ಅಜ್ಜ ಅರ್ಧ ಸರಿಯಾದ, ಮಾರನೇ ದಿನ ಮಗನನ್ನು ಹೆಸರಿಟ್ಟು ಕರೆದ. ಎಲ್ಲರಿಗೂ ಇಷ್ಟು ಬೇಗ ಇಳಿಯುತ್ತದೆ ಅಂತ ಹೇಳಲಾರೆ. ಕೆಲವರಿಗೆ ವಾರಗಳು ಹಿಡಿಯುತ್ತವೆ. ಮೊದಲೇ ಮರೆವು ಇದ್ದವರು ಪೂರ್ತಿ ಮೊದಲಿನ ಮಟ್ಟಕ್ಕೆ ಬರದೆಯೂ ಇರಬಹುದು.

ಹೀಗೆ ಕಿರುಚಾಡುವವರ ಬಗ್ಗೆ ನನಗೆ ಅಷ್ಟು ಭಯ ಇಲ್ಲ, ಅವರನ್ನು ಎಲ್ಲರೂ ಗಮನಿಸುತ್ತಾರೆ. ಭಯ ಇರುವುದು ಸುಮ್ನೆ ಮಲಗಿರುವವರ ಬಗ್ಗೆ. ವಯಸ್ಸಾದವರಲ್ಲಿ ಡೆಲಿರಿಯಂ ಹೆಚ್ಚಾಗಿ ಹೀಗೇ ಬರುತ್ತದೆ. ಮಾತಿಲ್ಲ, ಊಟ ಬೇಡ, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ. "ಪಾಪ, ನಿದ್ದಿ ಮಾಡ್ಲಿ ಬಿಡ್ರಿ, ಸುಸ್ತಾಗ್ಯಾಳ" ಅಂತ ಮನೆಯವರು ಅನ್ನುತ್ತಾರೆ. ಎರಡು ದಿನ ಹಾಗೇ ಕಳೆದುಹೋಗುತ್ತದೆ. ನೀವೇ ಪರೀಕ್ಷೆ ಮಾಡಬಹುದು. ವಾರದ ಹೆಸರನ್ನು ಹಿಂದಿನಿಂದ ಹೇಳಿಸಿ, ಭಾನುವಾರ, ಶನಿವಾರ, ಶುಕ್ರವಾರ ಅಂತ. ಶಾಲೆ ಕಲಿಯದಿದ್ದರೂ ಸಂತೆ ಯಾವತ್ತು, ಸಂತೆಯ ಹಿಂದಿನ ದಿನ ಯಾವುದು ಅಂತ ನಮ್ಮ ಅಜ್ಜಿಯರಿಗೆ ಗೊತ್ತೇ ಇರುತ್ತದೆ. ಆಪರೇಷನ್ನಿನ ಮುಂಚೆ ಸಲೀಸಾಗಿ ಹೇಳುತ್ತಿದ್ದವರು ಈಗ ಎರಡು ವಾರದ ಹೆಸರು ಹೇಳಿ ಮಾತು ಮರೆತು ಎಲ್ಲೋ ನೋಡುತ್ತಿದ್ದರೆ, ಅದು ಸುಸ್ತಲ್ಲ. ನರ್ಸಿಗೆ ಹೇಳಿ. "ನಮ್ಮವ್ವ ಹಿಂಗಿರಲಿಲ್ಲ" ಅನ್ನುವ ಒಂದು ಮಾತು ನಮಗೆ ಬಹಳ ಮುಖ್ಯ, ಯಾಕಂದರೆ ಅವರು ಮೊದಲು ಹೇಗಿದ್ದರು ಅಂತ ಗೊತ್ತಿರುವುದು ನಿಮಗೆ ಮಾತ್ರ.

"ಆಪರೇಷನ್ ಆದಾಗಿನಿಂದ ಅಪ್ಪ ಮೊದಲಿನ ಹಾಗಿಲ್ಲ" ಅನ್ನುವ ದೂರು ಹಳೆಯದು. 1955ರಲ್ಲೇ ಬೆಡ್‌ಫರ್ಡ್ ಅನ್ನುವ ಡಾಕ್ಟರ್ ಮನೆಯವರ ಇಂಥ ಮಾತನ್ನೇ ಹಿಡಿದುಕೊಂಡು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಆಮೇಲೆ 1998ರಲ್ಲಿ ಅದೇ ಪತ್ರಿಕೆಯಲ್ಲಿ ದೊಡ್ಡ ಅಧ್ಯಯನ ಬಂತು. ದೊಡ್ಡ ಆಪರೇಷನ್ ಆದ, 60 ದಾಟಿದ 1,218 ಜನರ ನೆನಪು, ಗಮನ, ಯೋಚನೆಯ ಚುರುಕನ್ನು ಅಳೆದು ನೋಡಿದರು. ಒಂದು ವಾರಕ್ಕೆ ನೂರರಲ್ಲಿ ಸುಮಾರು 26 ಜನರಲ್ಲಿ ಇಳಿತ ಇತ್ತು, ಮೂರು ತಿಂಗಳಿಗೆ ಅದು ಸುಮಾರು 10ಕ್ಕೆ ಬಂತು. ನಾನು ಇದನ್ನು ಧೈರ್ಯದ ಸುದ್ದಿ ಅಂತಲೇ ಓದುತ್ತೇನೆ. ಮೊದಲ ವಾರ ಲೆಕ್ಕ ತಪ್ಪುವ, ಹೆಸರು ಮರೆಯುವ ಹೆಚ್ಚಿನವರು ಸುಧಾರಿಸುತ್ತಾರೆ. ಉಳಿದ ಹತ್ತು ಜನರನ್ನು ಕೈಬಿಡುವ ಹಾಗಿಲ್ಲ, ಮೂರು ತಿಂಗಳಾದರೂ ದುಡ್ಡಿನ ಲೆಕ್ಕ, ಮಾತ್ರೆಯ ಹೊತ್ತು ತಪ್ಪುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಒಂದು ಸಲ ಮತ್ತು ಕೊಟ್ಟದ್ದರಿಂದಲೇ ಮರೆವಿನ ಕಾಯಿಲೆ ಹುಟ್ಟುತ್ತದೆ ಅನ್ನುವುದಕ್ಕೆ ಮಾತ್ರ ಪುರಾವೆ ಸಿಕ್ಕಿಲ್ಲ.

"ಹಂಗಾದ್ರೆ ಬೆನ್ನಿಗೆ ಇಂಜೆಕ್ಷನ್ ಕೊಡ್ರಿ, ಫುಲ್ ಮತ್ತು ಬೇಡ" ಅಂತ ಹಟ ಹಿಡಿಯುವವರು ಬಹಳ. ನನಗೂ ಅದೇ ಸರಿ ಅನ್ನಿಸುತ್ತಿತ್ತು, ಎಲ್ಲರಿಗೂ ಹಾಗೇ ಅನ್ನಿಸುತ್ತದೆ ಅಲ್ವಾ? ಆದರೆ 2021ರಲ್ಲಿ ಅಮೆರಿಕ, ಕೆನಡಾದ ರೀಗೇನ್ ಅನ್ನುವ ಅಧ್ಯಯನ ಬಂತು. ಸೊಂಟದ ಹತ್ತಿರ ಎಲುಬು ಮುರಿದ, 50 ದಾಟಿದ 1,600 ಜನ. ಅರ್ಧ ಜನಕ್ಕೆ ಬೆನ್ನಿಗೆ, ಅರ್ಧ ಜನಕ್ಕೆ ಪೂರ್ತಿ ಮತ್ತು. ಡೆಲಿರಿಯಂ ಎರಡೂ ಕಡೆ ಐದರಲ್ಲಿ ಒಬ್ಬರಿಗೆ ಬಂತು. ಅರವತ್ತು ದಿನಕ್ಕೆ ನಡೆಯುವುದರಲ್ಲೂ ವ್ಯತ್ಯಾಸ ಇಲ್ಲ. ಮುಂದಿನ ವರ್ಷ ಚೀನಾದಿಂದ ಬಂದ ಅಧ್ಯಯನವೂ ಇದನ್ನೇ ಹೇಳಿತು. ಅಂದರೆ ದೋಷ ಮತ್ತಿನದ್ದೊಂದೇ ಅಲ್ಲ. ಎಲುಬು ಮುರಿದದ್ದು, ಕೊಯ್ದದ್ದು, ಅದರಿಂದ ಮೈಯಲ್ಲಿ ಏಳುವ ಉರಿಯೂತ, ರಕ್ತ ಹೋದದ್ದು, ನಿದ್ದೆ ಇಲ್ಲದ್ದು, ಎಲ್ಲಾ ಸೇರಿ ಮೆದುಳನ್ನು ಕೆಡಿಸುತ್ತದೆ. ಯಾವ ಮತ್ತು ಅನ್ನುವುದನ್ನು ಅನಸ್ತೇಶಿಯಾ ಡಾಕ್ಟರಿಗೆ ಬಿಡಿ. ಅವರ ಹತ್ತಿರ ಬೇರೆ ಪ್ರಶ್ನೆ ಕೇಳಿ, ತೊಡೆಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋವು ಕಡಿಮೆ ಮಾಡುತ್ತೀರಾ ಅಂತ. ನೋವು ಉಳಿದರೂ ಡೆಲಿರಿಯಂ, ನೋವಿನ ಮದ್ದು ಜಾಸ್ತಿ ಆದರೂ ಡೆಲಿರಿಯಂ, ನಡುವಿನ ದಾರಿ ಇಂಥದ್ದರಲ್ಲಿ ಸಿಗುತ್ತದೆ.

ಹಾಗೇ, ಎಂಬತ್ತಾಯ್ತು, ಆಪರೇಷನ್ ತಡೆಯಲ್ಲ, ಹಾಸಿಗೆಯಲ್ಲೇ ಇರಲಿ ಅನ್ನುವ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ವಯಸ್ಸು ಒಂದನ್ನೇ ನೋಡಿ ಯಾವ ಒಳ್ಳೆಯ ಡಾಕ್ಟರೂ ಬೇಡ ಅನ್ನುವುದಿಲ್ಲ. ಬೀಳುವ ಮುಂಚೆ ಹೊಲಕ್ಕೆ ನಡೆದು ಹೋಗಿ ಬರುತ್ತಿದ್ದ ಎಂಬತ್ತೈದರ ಅಜ್ಜಿ, ಅರವತ್ತೈದರ ಸಕ್ಕರೆ ಕಾಯಿಲೆಯ, ಕುರ್ಚಿಯಿಂದ ಏಳಲು ಕೈ ಆಸರೆ ಬೇಕಾದ ಮಗನಿಗಿಂತ ಬೇಗ ಚೇತರಿಸಿಕೊಳ್ಳಬಹುದು. ಎಲುಬು ಕಟ್ಟುವವರ ಹತ್ತಿರ ಹೋಗಿ, ಅಮಾವಾಸ್ಯೆ ಕಳೆಯಲಿ ಅಂತ ಕಾದು, ವಾರ ಬಿಟ್ಟು ಕರೆತಂದರೆ ಅಷ್ಟರಲ್ಲಿ ನೋವು, ಬೆನ್ನುಹುಣ್ಣು, ಎದೆಯಲ್ಲಿ ಕಫ ಎಲ್ಲಾ ಸೇರಿರುತ್ತದೆ. ಒಂದೆರಡು ದಿನದಲ್ಲಿ ಆಪರೇಷನ್ ಆದವರ ಚೇತರಿಕೆಯೇ ಬೇರೆ.

ಮನೆಯವರು ಮಾಡಬಹುದಾದ ಕೆಲಸ ಬಹಳ ಇದೆ, ನನ್ನ ಪ್ರಕಾರ ಮದ್ದಿಗಿಂತ ಹೆಚ್ಚು. ಇದು ಸುಮ್ನೆ ಹೇಳುವ ಮಾತಲ್ಲ. 1999ರಲ್ಲಿ ಅಮೆರಿಕದ ಶರನ್ ಇನೌಯೆ ಅನ್ನುವ ಡಾಕ್ಟರ್ ಆಸ್ಪತ್ರೆಗೆ ಸೇರಿದ 70 ದಾಟಿದವರಿಗೆ ಕನ್ನಡಕ, ಕಿವಿ ಮೆಷಿನ್, ನೀರು, ನಡಿಗೆ, ರಾತ್ರಿ ನಿದ್ದೆ, ಆಗಾಗ ಮಾತು, ಇಷ್ಟನ್ನೇ ಶಿಸ್ತಾಗಿ ಮಾಡಿಸಿ ತೋರಿಸಿದರು. ನೂರರಲ್ಲಿ 15 ಜನರಿಗೆ ಬರುತ್ತಿದ್ದ ಡೆಲಿರಿಯಂ 10ಕ್ಕೆ ಇಳಿಯಿತು. ಇದರಲ್ಲಿ ಯಾವುದಕ್ಕೂ ದುಡ್ಡು ಬೇಡ. ಕನ್ನಡಕ, ಕಿವಿ ಮೆಷಿನ್, ಹಲ್ಲಿನ ಸೆಟ್ ಒಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದು ತನ್ನಿ, ನಾವು ಹೇಳಿದ ಕೂಡಲೇ ಹಾಕಿಸಿ. ಹಗಲು ಕಿಟಕಿ ಪರದೆ ಸರಿಸಿ, ರಾತ್ರಿ ಲೈಟ್ ಆರಿಸಿ. ಕಣ್ಣಿಗೆ ಕಾಣುವಲ್ಲಿ ಗೋಡೆ ಗಡಿಯಾರ, ಮನೆಯ ಕ್ಯಾಲೆಂಡರ್ ಇಡಿ. ಡಾಕ್ಟರ್ ಸರಿ ಅಂದ ಕೂಡಲೇ ಎಬ್ಬಿಸಿ ಕೂರಿಸಿ, ನಿಲ್ಲಿಸಿ. ನಮ್ಮ ಕಡೆ ಒಬ್ಬರಿಗೆ ಆಪರೇಷನ್ ಆದರೆ ಅರ್ಧ ಊರೇ ಟಂಟಂ ಮಾಡಿಕೊಂಡು ನೋಡಲು ಬರುತ್ತದೆ, ಆ ಪ್ರೀತಿ ದೊಡ್ಡದು, ಆದರೆ ಮೊದಲ ಮೂರು ದಿನ ಗುರುತಿನ ಇಬ್ಬರೇ ಪಾಳಿ ಮೇಲೆ ಇದ್ದರೆ ಒಳ್ಳೆಯದು. ಮನೆಯಲ್ಲಿ ತೆಲುಗು ಆಡುವ ಅಜ್ಜಿಯಾದರೆ ತೆಲುಗಲ್ಲೇ ಮಾತಾಡಿಸಿ, ಉರ್ದುವಾದರೆ ಉರ್ದು. ಅಂಥ ಹೊತ್ತಲ್ಲಿ ನಾನೂ ತೆಲುಗಿನಲ್ಲೇ ಕರೆಯುತ್ತೇನೆ, ಓಗೊಡುವುದು ಬೇಗ. ಕೈ ಕಟ್ಟಿಹಾಕಲು ಮಾತ್ರ ಒಪ್ಪಬೇಡಿ, ಕಟ್ಟಿದಷ್ಟೂ ಹೆದರುತ್ತಾರೆ, ಹೆದರಿದಷ್ಟೂ ಕೆಡುತ್ತದೆ. ಒಬ್ಬರು ಪಕ್ಕದಲ್ಲಿ ಕೂತರೆ ಕಟ್ಟುವ ಅಗತ್ಯವೇ ಬಹಳ ಸಲ ಬರುವುದಿಲ್ಲ.

ಆಪರೇಷನ್ನಿನ ಮುಂಚೆ ಡಾಕ್ಟರ್ ಕೇಳಿದಾಗ ಏನನ್ನೂ ಮುಚ್ಚಿಡಬೇಡಿ. ಅಪ್ಪ ದಿನಾ ಸಂಜೆ ಕುಡಿಯುತ್ತಾನೆ ಅನ್ನುವುದನ್ನು ನಾಲ್ಕು ಜನರೆದುರು ಹೇಳಲು ನಾಚಿಕೆ ಆಗುತ್ತದೆ, ನನಗೆ ಅರ್ಥ ಆಗುತ್ತದೆ. ಪಕ್ಕಕ್ಕೆ ಕರೆದು ಹೇಳಿ. ದಿನಾ ಕುಡಿಯುವವರಿಗೆ ಆಸ್ಪತ್ರೆಯಲ್ಲಿ ಸಿಗದೆ ಹೋದಾಗ ಎರಡು ಮೂರನೇ ದಿನಕ್ಕೆ ಕೈ ನಡುಗಿ, ಬೆವತು, ಭ್ರಮೆ ಶುರುವಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಅದಕ್ಕೆ ಕೊಡುವ ಮದ್ದೇ ಬೇರೆ. ದಿನಾ ನಿದ್ದೆ ಮಾತ್ರೆ ತೆಗೆದುಕೊಳ್ಳುವವರದ್ದೂ ಹಾಗೇ. ಇನ್ನೊಂದು, ನಿದ್ದೆ ಬರಲಿ ಅಂತ ಮೆಡಿಕಲ್ ಶಾಪಿನಿಂದ ಶೀತ, ಅಲರ್ಜಿಯ ಹಳೆಯ ಮಾತ್ರೆ ತಂದು ವಯಸ್ಸಾದವರಿಗೆ ಕೊಡಬೇಡಿ. ನಿದ್ದೆ ತರುವ ಆ ಮಾತ್ರೆಗಳೇ ಅವರ ತಲೆಯನ್ನು ಗೊಂದಲ ಮಾಡುತ್ತವೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಪ್ಪ ಆಸ್ಪತ್ರೆಯಲ್ಲಿ ಇರುವಾಗಲೇ ಹೊಲದ ಕಾಗದಕ್ಕೆ, ಬ್ಯಾಂಕಿನ ಫಾರಮಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನೋಡಿದ್ದೇನೆ. ಮತ್ತು ಕೊಟ್ಟ 24 ಗಂಟೆ ಯಾರೂ ಗಾಡಿ ಓಡಿಸಬಾರದು, ಮುಖ್ಯ ಕಾಗದಕ್ಕೆ ಸಹಿ ಹಾಕಬಾರದು ಅಂತ ಎಲ್ಲಾ ಕಡೆ ಹೇಳುತ್ತಾರೆ, ಅದು ಹರೆಯದವರಿಗೂ. ವಯಸ್ಸಾದವರಿಗೆ ಒಂದು ದಿನ ಸಾಲದು. ಅವರು ಮನೆಗೆ ಬಂದು, ಎರಡು ಹೊತ್ತು ಊಟ ಮಾಡಿ, ತಮ್ಮ ಲೆಕ್ಕ ತಾವೇ ಕೇಳುವಷ್ಟು ಆಗಲಿ. ಆಮೇಲೆ ಏನು ಬೇಕೋ ಕೇಳಿ.

ಮನೆಗೆ ಕರೆದುಕೊಂಡು ಹೋದ ಮೇಲೂ ಮೊದಲ ಎರಡು ವಾರ ಒಬ್ಬರು ಅವರ ಕೋಣೆಯಲ್ಲೇ ಮಲಗಿ. ರಾತ್ರಿ ಬಚ್ಚಲಿಗೆ ಹೋಗುವಾಗ ಜೊತೆಗಿರಿ. ಮಾತ್ರೆ ಅವರ ಕೈಗೆ ಬಿಡಬೇಡಿ, ನೀವೇ ಎಣಿಸಿ ಕೊಡಿ. ಚೆನ್ನಾಗಿದ್ದವರು ಒಮ್ಮೆಲೇ ಮತ್ತೆ ಗೊಂದಲ ಮಾಡಿಕೊಂಡರೆ, ಅಥವಾ ಎಬ್ಬಿಸಿದರೂ ಏಳದಷ್ಟು ನಿದ್ದೆ ಮಾಡುತ್ತಿದ್ದರೆ, ಜ್ವರ, ಏದುಸಿರು ಬಂದರೆ, ಮೂತ್ರ ನಿಂತರೆ, ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಮಾತ್ರೆಗಳನ್ನೂ, ಡಿಸ್ಚಾರ್ಜ್ ಚೀಟಿಯನ್ನೂ ಹಿಡಿದುಕೊಂಡು ಅದೇ ರಾತ್ರಿ ಕರೆದುಕೊಂಡು ಬನ್ನಿ. ಓಪಿಡಿ ತೆರೆಯುವ ತನಕ ಕಾಯಬೇಕಿಲ್ಲ, ಎಮರ್ಜೆನ್ಸಿಯಲ್ಲಿ ಎಷ್ಟು ಹೊತ್ತಿಗೂ ನೋಡುತ್ತಾರೆ.